ಒಂದೇ ಗುಡ್ಡಕ್ಕೆ ಮತ್ತೆ ಮತ್ತೆ ಹೋಗಿ

ನ್ಯಾಮತಿಯ ಹುಡುಗ ಹುಡುಗಿಯರೇ, ರಜೆ ಬಂತೆಂದರೆ ನೀವೆಲ್ಲ ಕುದುರೆಮುಖ, ಕೊಡಚಾದ್ರಿ, ಕುಮಾರಪರ್ವತ ಎಂದು ಬ್ಯಾಗು ಕಟ್ಟುವುದನ್ನು ನೋಡುತ್ತಿರುತ್ತೇನೆ. ಹೋಗಬೇಡಿ ಎನ್ನಲು ನಾನು ಯಾರು? ಪ್ರಾಯದಲ್ಲಿ ಕಾಲಿಗೆ ಕೆಲಸ ಕೊಡದೆ ಇನ್ಯಾವಾಗ ಕೊಡುತ್ತೀರಿ? ಆದರೆ ನಮ್ಮ ತೀರ್ಥರಾಮೇಶ್ವರದ ಗುಡ್ಡದಲ್ಲಿ ಮುತ್ತುಗ ಯಾವಾಗ ಹೂ ಬಿಡುತ್ತದೆ, ಬೇಸಿಗೆಯಲ್ಲಿ ಯಾವ ಹಳ್ಳ ಬತ್ತುತ್ತದೆ, ಯಾವುದರಲ್ಲಿ ತೇವ ಉಳಿಯುತ್ತದೆ ಎಂದು ಕೇಳಿದರೆ ನಿಮ್ಮಲ್ಲಿ ಬಾಯಿ ಬಿಡುವವರು ಕಡಿಮೆ. ಅದಕ್ಕೇ ಈ ಮಾತು. ಹತ್ತು ಬೆಟ್ಟಕ್ಕೆ ಒಂದೊಂದು ಸಲ ಹೋಗುವುದಕ್ಕಿಂತ ಒಂದೇ ಗುಡ್ಡಕ್ಕೆ ಹತ್ತು ಸಲ ಹೋಗಿ. ಬೇರೆ ಬೇರೆ ತಿಂಗಳಲ್ಲಿ ಹೋಗಿ, ಬೇರೆ ಬೇರೆ ಹೊತ್ತಿನಲ್ಲಿ ಹೋಗಿ. ಕಾಡಿನ ಶಿಸ್ತು, ಕಾಡಿನ ಭಯ, ಕಾಡಿನ ಪ್ರೀತಿ ಮೂರೂ ಕಾಲಿಗೆ ಹತ್ತುವುದು ಹಾಗೆಯೇ.

ನಮಗೆ ದೂರ ಹೋಗುವ ಕೆಲಸವೇ ಇಲ್ಲ. ಬೆಳಗುತ್ತಿಯ ಕಡೆ ತಿರುಗಿದರೆ ತೀರ್ಥರಾಮೇಶ್ವರ. ಬಯಲುಸೀಮೆಯೂ ಮಲೆನಾಡೂ ಕೈ ಹಿಡಿದುಕೊಳ್ಳುವ ಜಾಗ ಅದು. ಸುತ್ತ ಎಲೆ ಉದುರಿಸುವ ಕಾಡು, ನಡುವೆ ದೇವರು, ದೇವರ ಹತ್ತಿರ ಬತ್ತದ ನೀರು. ಪೂರ್ವಕ್ಕೆ ಚನ್ನಗಿರಿ ಸೀಮೆಗೆ ಇಳಿದರೆ ಸೂಳೆಕೆರೆ. ಸರ್ಕಾರಿ ಬೋರ್ಡಿನಲ್ಲಿ ಅದು ಶಾಂತಿಸಾಗರ. ಎರಡು ಗುಡ್ಡದ ಸಂದಿಯಲ್ಲಿ ಹರಿದ್ರಾ ಹಳ್ಳಕ್ಕೆ ಅಡ್ಡಲಾಗಿ ಕಟ್ಟಿದ ಆ ಏರಿಯ ಉದ್ದ ಸಾವಿರ ಅಡಿಯೂ ಇಲ್ಲ. ಅದರ ಹಿಂದೆ ನಿಂತಿರುವ ನೀರಿನ ಹರವು ಸುಮಾರು 2,600 ಹೆಕ್ಟೇರ್. ಶಾಂತವ್ವ ಎಂಬ ಹೆಣ್ಣುಮಗಳು ಕಟ್ಟಿಸಿದಳೆಂದು ಜನ ಹೇಳುತ್ತಾರೆ. ಕಟ್ಟಿ ಎಂಟು ಶತಮಾನವೇ ಕಳೆದಿದೆ ಎನ್ನುತ್ತಾರೆ. ಯಂತ್ರವಿಲ್ಲದ ಕಾಲದ ಜನ ಇಡೀ ಸೀಮೆಯನ್ನು ನಡೆದು ನೋಡಿಯೇ ಆ ಸಂದಿಯನ್ನು ಹುಡುಕಿರಬೇಕು. ಏರಿಯ ಮೇಲೆ ನಿಂತಾಗ ನನಗೆ ಮೊದಲು ನೆನಪಾಗುವುದು ಆ ಹೆಸರಿಲ್ಲದ ನಡಿಗೆಗಾರರು.

ಆ ಕೆರೆಯ ಅಂಚಿನ ಗುಡ್ಡಗಳಲ್ಲಿ ನಡೆಯುವಾಗ ಒಂದು ಸಂಗತಿ ಗಮನಿಸಿ. ನಿಮ್ಮ ಕಾಲ ಕೆಳಗಿನ ಮಣ್ಣು ಮಳೆ ಬಂದರೆ ಎಲ್ಲಿಗೆ ಹೋಗುತ್ತದೆ? ನೇರ ಕೆರೆಗೆ. ದಾರಿ ಬಳಸಿ ಹೋಗಬೇಕಾದ ಕಡೆ ನಾಲ್ಕು ಜನ ನೇರ ಇಳಿದರೆ ಹುಲ್ಲು ಸಾಯುತ್ತದೆ. ಹುಲ್ಲು ಸತ್ತ ಕಡೆ ಮೊದಲ ಮುಂಗಾರಿಗೆ ಗೆರೆ ಮೂಡುತ್ತದೆ, ಮರುವರ್ಷ ಆ ಗೆರೆ ಕೊರಕಲಾಗುತ್ತದೆ. ಆ ಕೊರಕಲಿನ ಮಣ್ಣೇ ಕೆರೆಯ ಹೂಳು. ಈ ಕೆರೆಯ ನೀರು ಗದ್ದೆಗೂ ಹೋಗುತ್ತದೆ, ಊರುಗಳ ನಲ್ಲಿಗೂ ಹೋಗುತ್ತದೆ. ಕೋಡಿಬಿದ್ದ ಹರಿದ್ರಾ ಹರಿಹರದ ಹತ್ತಿರ ತುಂಗಭದ್ರೆಯನ್ನು ಸೇರುತ್ತದೆ. ಆದ್ದರಿಂದ ದನ ಕಾಯುವವರ ಕಾಲುದಾರಿ ಎಷ್ಟೇ ಸುತ್ತಾದರೂ ಅದನ್ನೇ ಹಿಡಿಯಿರಿ. ದನಗಳು ಇಳಿಜಾರನ್ನು ಓರೆಯಾಗಿ ಹತ್ತುತ್ತವೆ. ಅವುಗಳ ದಾರಿ ನಿಮ್ಮ ಮೊಣಕಾಲಿಗೂ ಒಳ್ಳೆಯದು, ಗುಡ್ಡಕ್ಕೂ ಒಳ್ಳೆಯದು.

ಮತ್ತೆ ಮತ್ತೆ ಹೋದರೆ ಏನು ಸಿಗುತ್ತದೆ ಎಂದು ಕೇಳುತ್ತೀರಿ. ಮತ್ತಿ ಮರವನ್ನೇ ತೆಗೆದುಕೊಳ್ಳಿ. ಅದರ ತೊಗಟೆ ಮೊಸಳೆಯ ಬೆನ್ನಿನ ಹಾಗೆ ಚೌಕ ಚೌಕವಾಗಿ ಒಡೆದಿರುತ್ತದೆ. ಒಮ್ಮೆ ಕೈಯಾಡಿಸಿದವರು ಮರೆಯುವುದಿಲ್ಲ. ಶಿವರಾತ್ರಿ ಕಳೆದು ಹೋದರೆ ಅದು ಬೋಳು. ಸತ್ತಿದೆ ಎಂದುಕೊಂಡು ಬರುತ್ತೀರಿ. ಮಳೆ ಹಿಡಿದ ಮೇಲೆ ಹೋಗಿ ನೋಡಿ, ಅದೇ ಮರದ ಕೆಳಗೆ ಬಿಸಿಲು ಬೀಳುವುದಿಲ್ಲ. ಹೊನ್ನೆಯ ತೊಗಟೆಗೆ ಗಾಯವಾದರೆ ಕೆಂಪು ಅಂಟು ಒಸರುತ್ತದೆ. ಹಳೆಯ ಗಾಯದ ಮೇಲೆ ಅದು ಕಪ್ಪಾಗಿ ಗಟ್ಟಿಯಾಗಿರುವುದನ್ನು ನೋಡಿ ಸಾಕು, ಹೊಸ ಗಾಯ ಮಾಡಿ ನೋಡಬೇಡಿ. ಮುತ್ತುಗ ಎಲೆ ಕಳಚಿಕೊಂಡ ಮೇಲೆ ಹೂ ಹೊರುತ್ತದೆ. ಅದು ಮುಗಿಯುವ ಹೊತ್ತಿಗೆ ಕಕ್ಕೆಯ ಹಳದಿ ಗೊಂಚಲು. ಬೇಸಿಗೆಯ ಕೊನೆಗೆ ಕವಳೆ ಹಣ್ಣು. ಕೈಗೆಟುಕಿದ್ದಷ್ಟು ತಿನ್ನಿ, ಕೊಂಬೆ ಮುರಿಯಬೇಡಿ. ಅದೇ ಹಣ್ಣಿಗೆ ಹಕ್ಕಿಯೂ ಬರುತ್ತದೆ, ಕರಡಿಯೂ ಬರುತ್ತದೆ.

ಪ್ರಾಣಿಗಳ ಮಾತಿಗೆ ಬಂದೆ. ಜಗಳೂರಿನ ಕಡೆ ರಂಗಯ್ಯನದುರ್ಗ ಎಂಬ ಅಭಯಾರಣ್ಯವಿದೆ. 2011ರಲ್ಲಿ ಅದನ್ನು ಕೊಂಡುಕುರಿಗಾಗಿಯೇ ಘೋಷಿಸಿದರು. ನಾಲ್ಕು ಕೊಂಬಿನ ಪುಟ್ಟ ಪ್ರಾಣಿ ಅದು. ಗಂಡಿಗೆ ಮಾತ್ರ ಕೊಂಬು, ಕಿವಿಗಳ ನಡುವೆ ಎರಡು, ಹಣೆಯ ಮೇಲೆ ಎರಡು ಮೋಟು. ಹೆಚ್ಚಾಗಿ ಒಂಟಿಯಾಗಿಯೋ ಜೋಡಿಯಾಗಿಯೋ ಇರುತ್ತದೆ, ನೀರಿನ ಆಸರೆಯಿಂದ ದೂರ ಹೋಗುವುದಿಲ್ಲ. ಹಿಕ್ಕೆ ಹಾಕಲು ಮತ್ತೆ ಮತ್ತೆ ಅದೇ ಜಾಗಕ್ಕೆ ಬರುತ್ತದೆ. ಪೊದೆಯ ಪಕ್ಕ ಹಿಕ್ಕೆಯ ಗುಡ್ಡೆ ಕಂಡರೆ, ಮೇಲಿನದು ಹಸಿ, ಕೆಳಗಿನದು ಬಿಳಿಚಿಕೊಂಡು ಪುಡಿಯಾಗಿದ್ದರೆ, ಅದರ ಓಡಾಟದ ದಾರಿಯಲ್ಲೇ ನೀವು ನಿಂತಿದ್ದೀರಿ ಎಂದು ತಿಳಿಯಿರಿ. ಎರಡು ನಿಮಿಷ ಬಾಗಿ ನೋಡಿ, ಸದ್ದಿಲ್ಲದೆ ಮುಂದೆ ಸಾಗಿ. ಅಲ್ಲೇ ಕೂತು ಬ್ಲೂಟೂತ್ ಸ್ಪೀಕರಿನಲ್ಲಿ ಹಾಡು ಹಾಕಿದರೆ ಅದು ನೀರಿಗೂ ಬರಲಾರದು.

ಭಯದ ಮಾತನ್ನೂ ಮುಚ್ಚಿಡುವುದಿಲ್ಲ. ನಮ್ಮ ಗುಡ್ಡಗಳಲ್ಲಿ ಚಿರತೆ, ಕರಡಿ ಇವೆ. ಆನೆಯೂ ಬರುತ್ತದೆ. 2023ರ ಏಪ್ರಿಲ್‌ನಲ್ಲಿ ಚನ್ನಗಿರಿ ತಾಲ್ಲೂಕಿನ ಸೋಮ್ಲಾಪುರದಲ್ಲಿ ಕಾಡಾನೆಯಿಂದ ಒಬ್ಬ ಹುಡುಗಿ ಪ್ರಾಣ ಕಳೆದುಕೊಂಡಳು. ಅದನ್ನು ಹಿಡಿಯುವ ಕಾರ್ಯಾಚರಣೆಯಲ್ಲಿ ನಮ್ಮದೇ ತಾಲ್ಲೂಕಿನ ಜೀನಹಳ್ಳಿ ಹತ್ತಿರ ಪಶುವೈದ್ಯರೊಬ್ಬರು ತೀವ್ರವಾಗಿ ಗಾಯಗೊಂಡರು. ಆನೆಯ ರೀತಿ ಓದಿಕೊಂಡವರಿಗೇ ಹಾಗಾಯಿತು. ಹೊತ್ತು ಮೂಡಿದ ಮೇಲೆ ಹೊರಡಿ, ದನ ಮನೆಗೆ ತಿರುಗುವ ಹೊತ್ತಿಗೆ ನೀವೂ ತಿರುಗಿ. ಒಬ್ಬರೇ ಹೋಗಬೇಡಿ. ಹಸಿ ಲದ್ದಿ, ಮುರಿದ ಬಿದಿರು ಕಂಡರೆ ವಿಡಿಯೋ ಆಮೇಲೆ, ಮೊದಲು ಹಿಂದಕ್ಕೆ ಹೆಜ್ಜೆ. ಕರಡಿಗೆ ಕಿವಿ, ಕಣ್ಣು ಮಂದ ಎನ್ನುತ್ತಾರೆ. ತಿರುವಿನಲ್ಲಿ ಎದುರುಬದುರಾಗದಂತೆ ಪೊದೆ ದಟ್ಟವಿದ್ದ ಕಡೆ ಮಾತಾಡುತ್ತಾ ನಡೆಯಿರಿ. ತರಗೆಲೆಯ ಮೇಲೆ ಕಾಲಿಡುವ ಮೊದಲು ಕೋಲು ತಟ್ಟಿ. ಕೊಳಕುಮಂಡಲ ಎಲೆಯ ಬಣ್ಣದಲ್ಲೇ ಮಲಗಿರುತ್ತದೆ. ಕಚ್ಚಿದರೆ ಮಂತ್ರ, ಬೇರು, ಬ್ಲೇಡು ಯಾವುದೂ ಬೇಡ. ಕಚ್ಚಿಸಿಕೊಂಡವರನ್ನು ನಡೆಸದೆ ನೇರ ಆಸ್ಪತ್ರೆಗೆ ಒಯ್ಯಿರಿ.

ಉಣುಗಿನ ಬಗ್ಗೆ ಉದಾಸೀನ ಬೇಡ. ಅದು ಹರಡುವ ಮಂಗನ ಕಾಯಿಲೆ ಮೊದಲು ಪತ್ತೆಯಾದದ್ದು 1957ರಲ್ಲಿ, ಪಕ್ಕದ ಶಿವಮೊಗ್ಗ ಜಿಲ್ಲೆಯ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ. ಚಳಿಗಾಲದಿಂದ ಮುಂಗಾರಿನವರೆಗೆ ಅದರ ಕಾಟ ಹೆಚ್ಚು. ಪೂರ್ತಿ ತೋಳಿನ ಅಂಗಿ ಹಾಕಿ, ಪ್ಯಾಂಟನ್ನು ಸಾಕ್ಸಿನೊಳಗೆ ತುರುಕಿ. ಮನೆಗೆ ಬಂದ ಕೂಡಲೇ ಬಟ್ಟೆಯನ್ನು ಬಿಸಿನೀರಿಗೆ ಹಾಕಿ, ಸ್ನಾನ ಮಾಡಿ. ಸತ್ತ ಮಂಗ ಕಂಡರೆ ಹತ್ತಿರ ಹೋಗದೆ ಆರೋಗ್ಯ ಕೇಂದ್ರಕ್ಕೆ ತಿಳಿಸಿ.

ಬೆಂಕಿ ವಿಷಯದಲ್ಲಿ ಮಾತ್ರ ನಾನು ಯಾರನ್ನೂ ಕ್ಷಮಿಸಲಾರೆ. ಫೆಬ್ರುವರಿಯಿಂದ ಏಪ್ರಿಲ್‌ವರೆಗೆ ಗುಡ್ಡದ ತುಂಬ ಒಣಹುಲ್ಲು, ತರಗೆಲೆ. ಆರಿಸದ ಒಂದು ಬೀಡಿ ತುಂಡು ಸಾಕು. ದೊಡ್ಡ ಮರ ಹೇಗೋ ಉಳಿದೀತು. ಆ ವರ್ಷ ಮೊಳೆತ ಸಸಿ, ನೆಲದಲ್ಲಿ ಮೊಟ್ಟೆಯಿಟ್ಟ ಹಕ್ಕಿ, ಆಮೆ, ಹಾವು ಏನೂ ಉಳಿಯುವುದಿಲ್ಲ. ಅಡುಗೆ ಮನೆಯಲ್ಲೇ ಮುಗಿಯಲಿ. ರೊಟ್ಟಿ, ಶೇಂಗಾ ಚಟ್ನಿ, ಒಂದಿಷ್ಟು ಮಂಡಕ್ಕಿ ಬುತ್ತಿಗೆ ಸಾಕು. ಬಾಟಲಿ ಒಡೆಯುವ ಗೆಳೆಯನಿದ್ದರೆ ಅವನನ್ನು ಊರಲ್ಲೇ ಬಿಟ್ಟು ಹೋಗಿ.

ದೇವಸ್ಥಾನದ ದಾರಿ ಎಲ್ಲರದು. ಅದರಾಚೆ ಮೀಸಲು ಅರಣ್ಯಕ್ಕೆ ಕಾಲಿಡುವ ಮೊದಲು ಅರಣ್ಯ ಇಲಾಖೆಯ ಕಚೇರಿಯಲ್ಲಿ ಕೇಳಿ ಹೋಗಿ. 2024ರ ಜನವರಿ ಕೊನೆಗೆ ಕುಮಾರಪರ್ವತದಲ್ಲಿ ಒಮ್ಮೆಲೇ ಸಾವಿರಾರು ಜನ ನುಗ್ಗಿದ ಮೇಲೆ, ಆನ್‌ಲೈನ್ ಬುಕಿಂಗ್ ಇಲ್ಲದ ಚಾರಣವನ್ನು ಸರ್ಕಾರ ನಿಲ್ಲಿಸಬೇಕಾಗಿ ಬಂತು. ನಮ್ಮ ಗುಡ್ಡಗಳಿಗೆ ಅಂಥ ನೂಕುನುಗ್ಗಲು ಇನ್ನೂ ಬಂದಿಲ್ಲ. ಬರದಂತೆ ನೋಡಿಕೊಳ್ಳುವುದು ನಿಮ್ಮ ಕೈಯಲ್ಲೇ ಇದೆ.

ಹೆಣ್ಣುಮಕ್ಕಳ ಅಪ್ಪ ಅಮ್ಮಂದಿರಿಗೂ ಒಂದು ಮಾತು. ಕಾಡು ಗಂಡುಹುಡುಗರದೆಂದು ಯಾರು ಹೇಳಿದರು? ಸೌದೆಗೆ, ಸೊಪ್ಪಿಗೆ, ಸೀಗೆಕಾಯಿಗೆ ಗುಡ್ಡ ಹತ್ತಿದವರು ನಮ್ಮ ಅವ್ವಂದಿರು, ತಾಂಡಾದ ಹೆಣ್ಣುಮಕ್ಕಳು. ಯಾವ ಬಂಡೆಯ ಮಗ್ಗುಲಲ್ಲಿ ನೀರು ಸಿಗುತ್ತದೆ ಎಂಬುದು ಅವರಿಗೆ ಗೊತ್ತು. ಮಕ್ಕಳೇ, ನಿಮ್ಮ ಮನೆಯಲ್ಲಿ ಅಂಥ ಅಜ್ಜಿಯಿದ್ದರೆ ಮೊದಲು ಅವರ ಹತ್ತಿರ ಕೂತು ಕೇಳಿ. ಕಾಲು ಗಟ್ಟಿಯಿದ್ದರೆ ಜೊತೆಗೆ ಕರೆದೊಯ್ಯಿರಿ. ಮೊಬೈಲಿನ ನಕ್ಷೆಯಲ್ಲಿ ದಾರಿಯಿದೆ, ಬೇಸಿಗೆಯ ನೀರಿಲ್ಲ.

ಈ ಸಲ ಶುರು ಮಾಡುವುದಾದರೆ ಸೂಳೆಕೆರೆಯಿಂದ ಮಾಡಿ, ದೀಪಾವಳಿ ಕಳೆದ ಮೇಲೆ. ಆಗ ಕೆರೆಯಲ್ಲಿ ನೀರಿರುತ್ತದೆ, ಗುಡ್ಡದಲ್ಲಿ ಹಸಿರಿರುತ್ತದೆ, ಬಿಸಿಲು ಹಿತ. ಏರಿ ದಾಟಿ, ಸಿದ್ಧನ ತೂಬು, ಬಸವನ ತೂಬು ಎರಡನ್ನೂ ನೋಡಿ. ತೂಬಿನ ಹತ್ತಿರ ನೀರಿಗಿಳಿಯಬೇಡಿ. ನೀರು ಬಿಟ್ಟಾಗ ಸೆಳೆತ ಮೇಲಿಂದ ಕಾಣುವುದಿಲ್ಲ, ಅಂಚಿನ ಹೂಳಿನಲ್ಲಿ ಈಜು ಬಂದವರ ಕಾಲೂ ಸಿಕ್ಕಿಬೀಳುತ್ತದೆ. ಅದೇ ಜಾಗಕ್ಕೆ ಯುಗಾದಿಯ ಹೊತ್ತಿಗೆ ಮತ್ತೆ ಹೋಗಿ, ನೀರು ಎಷ್ಟು ಹಿಂದೆ ಸರಿದಿದೆ ಎಂದು ಕಾಲಿನಿಂದಲೇ ಅಳೆಯಿರಿ. ಬಸ್ಸಿಳಿಯುವಾಗಲೇ ಸಂಜೆಯ ಕೊನೆ ಬಸ್ಸು ಎಷ್ಟು ಗಂಟೆಗೆಂದು ಕಂಡಕ್ಟರನ್ನು ಕೇಳಿಟ್ಟುಕೊಳ್ಳಿ, ಮನೆಯಲ್ಲೂ ಆ ಸಮಯ ಹೇಳಿ ಬನ್ನಿ.