ಗರಿಗರಿಯೂ ಖಡಕ್ಕೂ

ಕೆಲವು ವಾರಗಳ ಹಿಂದೆ ಒಂದು ಭಾನುವಾರ ನಮ್ಮ ವಾಚನಾಲಯದಲ್ಲಿ ಬುತ್ತಿ ಬಿಚ್ಚಿದಾಗ, ಕಲಬುರಗಿ ಕಡೆಯ ಕಾರ್ಮಿಕ ಬಂಧುವೊಬ್ಬರು "ತಗೋರಿ, ಖಡಕ್ ರೊಟ್ಟಿ ಅವ" ಎಂದು ಎಲ್ಲರ ಮುಂದೆ ಹಿಡಿದರು. "ಖಡಕ್ ಕನ್ನಡವಲ್ಲ, ಗರಿಗರಿ ರೊಟ್ಟಿ ಎನ್ನಿ" ಎಂದು ನಾವು ನಕ್ಕೆವು. ಅವರು ಮಾತಾಡಲಿಲ್ಲ, ಮುಂದಿನ ಎರಡು ಭಾನುವಾರ ಬರಲೂ ಇಲ್ಲ. ತಿದ್ದುವ ಮೊದಲು ನಾವು ಕಲಿಯಬೇಕಾಗಿತ್ತು. ತಡವಾಗಿ ಕಲಿತದ್ದನ್ನು ಇಲ್ಲಿ ಬರೆದಿದ್ದೇವೆ.

ಮೊದಲು 'ಗರಿಗರಿ'ಯನ್ನು ನೋಡೋಣ. ಗರಿ ಎಂದರೆ ಹಕ್ಕಿಯ ಗರಿ, ತೆಂಗಿನ ಗರಿ. ಹಾಗಾದರೆ ಗರಿಗರಿ ಎಂಬುದು ದ್ವಿರುಕ್ತಿಯೇ? ಪರೀಕ್ಷೆ ಸುಲಭ. ದ್ವಿರುಕ್ತಿಯಲ್ಲಿ ಅರ್ಥವುಳ್ಳ ಪದವೇ ಎರಡು ಸಲ ಬರುತ್ತದೆ. 'ಮನೆಮನೆಗೆ' ಎಂದರೆ ಪ್ರತಿಯೊಂದು ಮನೆಗೆ. 'ಗರಿಗರಿ ದೋಸೆ' ಎಂದಾಗ ನೆನಪಾಗುವುದು ಗರಿಯಲ್ಲ, ಮುರಿದಾಗ ಆಗುವ ಸದ್ದು. ಆದುದರಿಂದ ಇದನ್ನು ಪಟಪಟ, ಕರಕರಗಳ ಸಾಲಿನ ಅನುಕರಣ ಪದವೆಂದು ತಿಳಿಯುವುದೇ ಯುಕ್ತ. ಗಂಜಿ ಹಾಕಿದ ಅಂಗಿಗೂ ಸಂಬಳದ ದಿನದ ಹೊಸ ನೋಟಿಗೂ ಈ ಮಾತು ಸಲ್ಲುತ್ತದಷ್ಟೆ.

ಸದ್ದಿಗೆ ಕಾರಣವುಂಟು. ತೇವವಿದ್ದ ಪದಾರ್ಥ ಬಾಗುತ್ತದೆ. ಒಣಗಿದ್ದು ಬಾಗದೆ ಫಕ್ಕನೆ ಮುರಿಯುತ್ತದೆ. ಮಳೆಗಾಲದಲ್ಲಿ ಮುಚ್ಚದೆ ಇಟ್ಟ ಹಪ್ಪಳ ಗಾಳಿಯ ತೇವ ಹೀರಿ ಮೆತ್ತಗಾದರೆ ಸದ್ದೂ ಹೋಗುತ್ತದೆ.

ಇನ್ನು 'ಖಡಕ್'. ಮರಾಠಿ, ಹಿಂದಿ, ಉರ್ದುಗಳಲ್ಲಿ ಇದು 'ಕಡಕ್'. ಹಿಂದಿಯಲ್ಲಿ 'ಕಡಕ್‌ನಾ' ಎಂದರೆ ಸಿಡಿಲಿನಂತೆ ಗಟ್ಟಿಯಾಗಿ ಸದ್ದು ಮಾಡುವುದು. ಅಂದಮೇಲೆ ಈ ಪದವೂ ಕಿವಿಯಿಂದಲೇ ಹುಟ್ಟಿದ್ದೆನ್ನಬಹುದು. ಬೀದರ, ಕಲಬುರಗಿ, ರಾಯಚೂರು ಜಿಲ್ಲೆಗಳು 1956ರ ನವೆಂಬರ್ 1ರಂದು ಮೈಸೂರು ರಾಜ್ಯಕ್ಕೆ ಸೇರುವವರೆಗೆ ಹೈದರಾಬಾದ್ ರಾಜ್ಯದಲ್ಲಿದ್ದವು. ಉರ್ದು, ಮರಾಠಿಗಳ ನೆರೆಯಲ್ಲಿ ಬಾಳಿದ ಕನ್ನಡಕ್ಕೆ ಇಂಥ ಪದಗಳು ಬಂದು ಸೇರಿದ್ದು ಸಹಜ.

ಬಂದ ಪದ ಸುಮ್ಮನೆ ಕೂತಿಲ್ಲ. ತೆಳ್ಳಗೆ ಹಗುರವಾಗಿ ಮುರಿಯುವುದು ಗರಿಗರಿ; ಒಣಗಿ ಬಿರುಸಾದದ್ದು ಖಡಕ್. ಜೋಳದ ರೊಟ್ಟಿಯನ್ನು ಬೇಯಿಸಿ, ನೀರಿನಂಶ ಹೋಗುವಂತೆ ಒಣಗಿಸಿದರೆ ಹಲವು ದಿನ ಕೆಡದು. ಊರು ಬಿಟ್ಟು ದುಡಿಯಲು ಬಂದವರಿಗೆ ಅದೇ ಆಧಾರ. ಈ ಊರಿನ ಚಹಾದಂಗಡಿಯಲ್ಲಿ 'ಕಡಕ್ ಚಾಯ್' ಎಂದರೆ ಗಟ್ಟಿ ಚಹಾ. ಕನ್ನಡದಲ್ಲಿ 'ಖಡಕ್ ಅಧಿಕಾರಿ' ಎಂದರೆ ನಿಷ್ಠುರ ಅಧಿಕಾರಿ.

ಮಕ್ಕಳು ಸನತ್‌ನಗರದ ತೆಲುಗು ಗೆಳೆಯರಿಂದ 'ಕರಕರ' ಕಲಿತು ಬಂದರೂ ಗದರಬೇಡಿರಿ. ಆ ಪದ ನಮ್ಮಲ್ಲೂ ಇದೆ. ಎಲ್ಲಕ್ಕೂ 'ಕ್ರಿಸ್ಪಿ' ಎಂದರೆ ಮಾತ್ರ ಹಪ್ಪಳ ಮುರಿದು ಕೇಳಿಸಿ, 'ಗರಿಗರಿ' ಎಂದು ಹೇಳಿಕೊಡಿರಿ.

ಕಳೆದ ವಾರ ಆ ಬಂಧುವಿನ ಕೋಣೆಗೆ ಹೋಗಿ ತಪ್ಪೊಪ್ಪಿಕೊಂಡೆವು. ಅವರು ನಕ್ಕು, ರೊಟ್ಟಿಯ ಮೇಲೆ ಶೇಂಗಾ ಹಿಂಡಿ ಹಾಕಿ ಕೊಟ್ಟರು. ಮುರಿದಾಗ ಆದ ಸದ್ದು ಖಡಕ್ಕೆಂದೇ ಇತ್ತು.

ಅಭ್ಯಾಸ: ನಿಮ್ಮ ಊರಿನಲ್ಲಿ ಚಕ್ಕುಲಿಗೆ, ಹುರಿದ ಕಡಲೆಗೆ, ಚುರುಮುರಿಗೆ ಯಾವ ಸದ್ದಿನ ಮಾತು ಹೇಳುತ್ತಾರೆ? ಬರೆದು ತನ್ನಿರಿ. ಯಾರೂ ನಗುವುದಿಲ್ಲ.