ಲ್ಯಾಪ್‌ಟಾಪ್ ಖರೀದಿ: ಹೆಚ್ಚಿನ ಹಣ ಯಾವುದಕ್ಕೆ ಕೊಡಬೇಕು?

ದುಬಾರಿ ಲ್ಯಾಪ್‌ಟಾಪ್‌ಗೆ ತೆರುವ ಹೆಚ್ಚಿನ ಹಣ ಸಾರ್ಥಕವಾಗುವುದು, ಅದು ಕೊಂಡ ಮೇಲೆ ಸುಲಭವಾಗಿ ಬದಲಿಸಲಾಗದ ಭಾಗಗಳ ಗುಣಮಟ್ಟಕ್ಕೆ ಸಂದಾಗ ಮಾತ್ರ. ಪರದೆ, ಕೀಲಿಮಣೆ, ಹೊರಕವಚ, ಪ್ರೊಸೆಸರ್ ಇವು ಸಾಮಾನ್ಯವಾಗಿ ಯಂತ್ರದ ಆಯುಷ್ಯವಿರುವಷ್ಟು ಕಾಲವೂ ಹಾಗೆಯೇ ಉಳಿಯುತ್ತವೆ; ಬ್ಯಾಟರಿಯನ್ನೂ, ಅನೇಕ ಮಾದರಿಗಳಲ್ಲಿ ಕಡತಗಳನ್ನು ಉಳಿಸಿಡುವ ಎಸ್‌ಎಸ್‌ಡಿಯನ್ನೂ ಮುಂದೆ ಬದಲಿಸಿಕೊಳ್ಳಬಹುದು.

ಮೊದಲ ಹೆಜ್ಜೆಯಾಗಿ, ಯಂತ್ರದಲ್ಲಿ ನಡೆಯಲೇಬೇಕಾದ ತಂತ್ರಾಂಶಗಳನ್ನು ಪಟ್ಟಿ ಮಾಡಬೇಕು. ಕರ್ನಾಟಕದ ಕಚೇರಿಗಳಲ್ಲಿಯೂ ಡಿಟಿಪಿ ಅಂಗಡಿಗಳಲ್ಲಿಯೂ ಬಳಕೆಯಲ್ಲಿರುವ ಕನ್ನಡ ಬೆರಳಚ್ಚಿನ ನುಡಿ, ಲೆಕ್ಕಪತ್ರದ ಟ್ಯಾಲಿ ಇವೆರಡೂ ವಿಂಡೋಸ್‌ಗಾಗಿ ರೂಪುಗೊಂಡವು. ಆ್ಯಪಲ್‌ನ ಮ್ಯಾಕ್‌ನಲ್ಲಿ ಯೂನಿಕೋಡ್ ಕನ್ನಡವನ್ನು, ಅಂದರೆ ಎಲ್ಲ ಯಂತ್ರಗಳೂ ಒಂದೇ ಸಂಕೇತದಿಂದ ಗುರುತಿಸುವ ಅಕ್ಷರಗಳನ್ನು, ಸಲೀಸಾಗಿ ಟೈಪಿಸಬಹುದಾದರೂ, ನುಡಿಯ ಹಳೆಯ ಫಾಂಟ್‌ಗಳಲ್ಲಿ ಪುಟ ಕಟ್ಟುವವರ ಕೆಲಸಕ್ಕೆ ಅದು ಒಗ್ಗುವುದಿಲ್ಲ. ಬೆರಳಚ್ಚು, ಆನ್‌ಲೈನ್ ತರಗತಿ, ಬ್ಯಾಂಕ್ ವ್ಯವಹಾರಗಳಷ್ಟೇ ಅಗತ್ಯವಾಗಿದ್ದರೆ ಮಧ್ಯಮ ಬೆಲೆಯದು ಧಾರಾಳವಾಗಿ ಸಾಕು.

ಎರಡನೆಯದು ರ‍್ಯಾಮ್, ಎಂದರೆ ಚಾಲನೆಯಲ್ಲಿರುವ ಕೆಲಸಗಳನ್ನು ತಾತ್ಕಾಲಿಕವಾಗಿ ಹಿಡಿದಿಡುವ ಸ್ಮೃತಿ. ವಿವರಪಟ್ಟಿಯಲ್ಲಿ ‘ಆನ್‌ಬೋರ್ಡ್’ ಎಂದಿದ್ದರೆ ಅದನ್ನು ಮದರ್‌ಬೋರ್ಡ್‌ಗೆ ಬೆಸೆಯಲಾಗಿದೆ, ಸಾಮಾನ್ಯವಾಗಿ ಮುಂದೆ ಹೆಚ್ಚಿಸಲಾಗದು ಎಂದರ್ಥ. 2020ರಲ್ಲಿ ಎಂ1 ಪ್ರೊಸೆಸರ್‌ನೊಂದಿಗೆ ಬಂದ ಮ್ಯಾಕ್‌ಬುಕ್ ಏರ್‌ನ ಮೂಲ ಮಾದರಿಯಲ್ಲಿದ್ದುದು 8 ಜಿಬಿ. 2024ರ ಅಕ್ಟೋಬರ್‌ನಲ್ಲಿ ಕಂಪನಿಯೇ ಏರ್‌ನ ಕನಿಷ್ಠ ಪ್ರಮಾಣವನ್ನು 16 ಜಿಬಿಗೆ ಏರಿಸಿತಾದರೂ, ಮೊದಲೇ ಕೊಂಡವರಿಗೆ ಹೆಚ್ಚಿಸಿಕೊಳ್ಳುವ ದಾರಿ ಇರಲಿಲ್ಲ. ಆದ್ದರಿಂದ ಬೆಸೆದ ರ‍್ಯಾಮ್ ಇದ್ದಲ್ಲಿ 16 ಜಿಬಿಗೆ ಹಣ ಕೊಡುವುದು ದುಂದಲ್ಲ.

ಮೂರನೆಯದಾಗಿ ಅಂಗಡಿಯಲ್ಲಿಯೇ ಕೈಯಾರೆ ಪರೀಕ್ಷಿಸಬೇಕು. ಕೀಲಿಮಣೆಯ ನಡುಭಾಗವನ್ನು ಹೆಬ್ಬೆರಳಿನಿಂದ ಒತ್ತಿದಾಗ ಅದು ತಗ್ಗಿದರೆ, ಮುಚ್ಚಳವನ್ನು ಒಂದು ಮೂಲೆಯಿಂದ ಎತ್ತಿದಾಗ ಪರದೆ ತಿರುಚಿಕೊಂಡರೆ, ಕವಚ ದುರ್ಬಲವೆಂದು ತಿಳಿಯಬಹುದು. ಪರದೆಯ ಬೆಳಕನ್ನು ನಿಟ್ ಎಂಬ ಮಾನದಲ್ಲಿ ಅಳೆಯುತ್ತಾರೆ. 250 ನಿಟ್‌ನ ಪರದೆ ಕಿಟಕಿಯ ಬಳಿ ಮಂಕಾಗಿ ಕಾಣುತ್ತದೆ. ದಿನವಿಡೀ ಓದಿ ಬರೆಯುವವರು ಪ್ರೊಸೆಸರ್‌ನ ದರ್ಜೆಗಿಂತ ಮೊದಲು ಕಣ್ಣಿಗೆ ಹಿತವಾದ ಪರದೆಗೆ ಹಣ ಮೀಸಲಿಡುವುದೇ ಸರಿ.

ನಾಲ್ಕನೆಯದು ವಾರ್ಷಿಕ ವೆಚ್ಚದ ಲೆಕ್ಕ. 45,000 ರೂಪಾಯಿಯ ಯಂತ್ರ ನಾಲ್ಕು ವರ್ಷ ನಡೆದರೆ ವರ್ಷಕ್ಕೆ 11,250 ರೂಪಾಯಿ ಬೀಳುತ್ತದೆ. 90,000 ರೂಪಾಯಿಯದು ಏಳು ವರ್ಷ ನಡೆದು ಕೊನೆಗೆ 15,000ಕ್ಕೆ ಮಾರಾಟವಾದರೆ ಸುಮಾರು 10,700 ಆಗುತ್ತದೆ. ಆದರೆ ಮೂರು ವರ್ಷಕ್ಕೊಮ್ಮೆ ಯಂತ್ರ ಬದಲಿಸುವ ಅಭ್ಯಾಸವಿರುವವರಿಗೆ ಈ ಲೆಕ್ಕ ತಲೆಕೆಳಗಾಗುತ್ತದೆ. ಕಾರ್ಯಾಚರಣ ವ್ಯವಸ್ಥೆಗೆ ಸುರಕ್ಷತಾ ಪರಿಷ್ಕರಣೆಗಳು ಎಷ್ಟು ಕಾಲ ದೊರೆಯುತ್ತವೆ ಎಂಬುದನ್ನೂ ಇದರೊಡನೆ ನೋಡಬೇಕು: 2025ರ ಅಕ್ಟೋಬರ್ 14ರಂದು ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟ್‌ನ ಸಾಮಾನ್ಯ ಬೆಂಬಲ ಕೊನೆಗೊಂಡಾಗ, ಇಂಟೆಲ್‌ನ ಏಳನೇ ಹಾಗೂ ಅದಕ್ಕೂ ಹಿಂದಿನ ಪೀಳಿಗೆಯ ಬಹುತೇಕ ಪ್ರೊಸೆಸರ್‌ಗಳನ್ನು ವಿಂಡೋಸ್ 11 ಅಧಿಕೃತವಾಗಿ ಒಪ್ಪದ ಕಾರಣ, ಗಟ್ಟಿಮುಟ್ಟಾದ ದುಬಾರಿ ಯಂತ್ರಗಳೂ ಹೊರಗುಳಿದವು. ರಿಯಾಯಿತಿಯ ಆಸೆಗೆ ಹಳೆಯ ಪೀಳಿಗೆಯದನ್ನು ಕೊಳ್ಳುವವರು ಈ ಅಪಾಯವನ್ನು ಮರೆಯಬಾರದು.

ಕಡಿಮೆ ಹಣದಲ್ಲಿ ಗಟ್ಟಿ ಯಂತ್ರ ಬೇಕಾದವರಿಗೆ, ಕಂಪನಿಗಳು ಬಳಸಿ ಬಿಟ್ಟ ಥಿಂಕ್‌ಪ್ಯಾಡ್, ಲ್ಯಾಟಿಟ್ಯೂಡ್‌ನಂಥ ಮಾದರಿಗಳು ಒಳ್ಳೆಯ ಆಯ್ಕೆ. ಕೊಳ್ಳುವ ಮುನ್ನ ಬ್ಯಾಟರಿಯ ಮೂಲ ಸಾಮರ್ಥ್ಯ ಮತ್ತು ಈಗಿನ ಪೂರ್ಣ ಸಾಮರ್ಥ್ಯಗಳನ್ನು ಹೋಲಿಸಿ, ವಿಂಡೋಸ್ 11ಕ್ಕೆ ಅರ್ಹತೆಯಿದೆಯೇ ಎಂದು ಪರಿಶೀಲಿಸಿ, ವಾರಂಟಿಯನ್ನು ಬಿಲ್ಲಿನ ಮೇಲೆಯೇ ಬರೆಸಿಕೊಳ್ಳಬೇಕು.