ಪ್ರಶ್ನೆಯೊಂದನ್ನು ಕಟ್ಟಿಕೊಂಡು ಹೊರಡು

ಕಾನೂನು ಓದುವಾಗಲೇ ಹೊರದೇಶ ನೋಡಿಬರಬೇಕು ಎಂದು ನಿನಗೆ ಅನಿಸಿದ್ದು ನನಗೆ ಸಂತೋಷ ತಂದಿದೆ, ಮಗಳೇ. ಯಾವ ದೇಶ, ಯಾವ ವಿಶ್ವವಿದ್ಯಾಲಯ, ಎಷ್ಟು ಖರ್ಚು ಎಂದೆಲ್ಲ ವಿಚಾರಿಸುವ ಮೊದಲು, ಏನು ತಿಳಿಯಲು ಹೋಗುತ್ತಿದ್ದೀ ಎಂಬುದನ್ನು ನಾಲ್ಕು ಸಾಲಿನಲ್ಲಿ ಬರೆದು ನೋಡು. ಬರೆಯಲು ಬರಲಿಲ್ಲವೆಂದರೆ ಇನ್ನೊಂದು ವರ್ಷ ಇಲ್ಲೇ ಓದು, ಆಗ ಹೊರಡುವೆಯಂತೆ.

ಹಾಗೆ ಪ್ರಶ್ನೆ ಹೊತ್ತು ಹೋದವರೊಬ್ಬರು ಬೆನಗಲ್ ನರಸಿಂಗ ರಾಯರು. ಅವರ ಹೆಸರು ನಿನ್ನ ಪಠ್ಯದಲ್ಲಿ ಒಂದೆರಡು ಸಾಲಿನಲ್ಲಿ ಬಂದುಹೋಗಿರುತ್ತದೆ. ಮಂಗಳೂರಿನ ಕೆನರಾ ಹೈಸ್ಕೂಲಿನಲ್ಲಿ ಓದಿದವರು. ಸಂವಿಧಾನ ಸಭೆಯ ಸಲಹೆಗಾರರು. ಕೊನೆಯ ದಿನಗಳಲ್ಲಿ ಹೇಗ್‌ನ ಅಂತರರಾಷ್ಟ್ರೀಯ ನ್ಯಾಯಾಲಯದ ನ್ಯಾಯಾಧೀಶರು. 1947ರ ಕೊನೆಯ ತಿಂಗಳುಗಳಲ್ಲಿ ಅವರು ಅಮೆರಿಕ, ಕೆನಡಾ, ಐರ್ಲೆಂಡ್, ಬ್ರಿಟನ್‌ಗೆ ಹೋದರು. ನಮ್ಮ ಸಂವಿಧಾನ ಇನ್ನೂ ಕರಡಿನ ಹಂತದಲ್ಲಿತ್ತು, ಅದರ ಬಗೆಗಿನ ಅನುಮಾನಗಳನ್ನು ಅವರು ಜೊತೆಗೆ ಒಯ್ದಿದ್ದರು. ವಾಷಿಂಗ್ಟನ್‌ನಲ್ಲಿ ಅಮೆರಿಕದ ಸುಪ್ರೀಂ ಕೋರ್ಟಿನ ನ್ಯಾಯಮೂರ್ತಿ ಫೆಲಿಕ್ಸ್ ಫ್ರಾಂಕ್‌ಫರ್ಟರ್ ಅವರೆದುರು, ಕಾನೂನು ನ್ಯಾಯಯುತವೇ ಎಂದು ನ್ಯಾಯಾಲಯ ಪರೀಕ್ಷಿಸಬಹುದೆನ್ನುವ ‘ಡ್ಯೂ ಪ್ರೋಸೆಸ್’ ವಿಚಾರ ಇಟ್ಟರು. ಶಾಸನಸಭೆ ಮಾಡಿದ ಕಾನೂನನ್ನು ಹೊಡೆದುಹಾಕುವ ಅಷ್ಟು ಅಧಿಕಾರ ನ್ಯಾಯಾಧೀಶರಿಗೆ ಕೊಡುವುದು ಪ್ರಜಾಪ್ರಭುತ್ವಕ್ಕೆ ಹೊಂದದು, ನ್ಯಾಯಾಂಗಕ್ಕೂ ಭಾರ ಎಂಬುದು ಫ್ರಾಂಕ್‌ಫರ್ಟರ್ ಅಭಿಪ್ರಾಯ. ಜೀವ ಮತ್ತು ವೈಯಕ್ತಿಕ ಸ್ವಾತಂತ್ರ್ಯದ 21ನೇ ವಿಧಿಯಲ್ಲಿ ‘ಕಾನೂನಿನಿಂದ ಸ್ಥಾಪಿತವಾದ ಕಾರ್ಯವಿಧಾನ’ ಎಂದು ಇವತ್ತು ನೀನು ಓದುತ್ತಿರುವುದರ ಹಿಂದೆ ಆ ಭೇಟಿಯ ಪ್ರಭಾವ ದೊಡ್ಡದು.

ಮುಂದೆ ಆದದ್ದನ್ನೂ ಗಮನಿಸು. 1950ರಲ್ಲಿ ಎ.ಕೆ. ಗೋಪಾಲನ್ ಪ್ರಕರಣದ ತೀರ್ಪು ಆ ಮಾತಿಗೆ ತೀರಾ ಇಕ್ಕಟ್ಟಾದ ಅರ್ಥ ಕೊಟ್ಟಿತು. 1967ರ ಸತ್ವಂತ್ ಸಿಂಗ್ ಸಾಹ್ನಿ ಪ್ರಕರಣದಲ್ಲಿ, ಹೊರದೇಶಕ್ಕೆ ಹೋಗುವುದೂ ವೈಯಕ್ತಿಕ ಸ್ವಾತಂತ್ರ್ಯದ ಭಾಗವೇ ಎಂದು ಸುಪ್ರೀಂ ಕೋರ್ಟು ಹೇಳಿತು. ಪಾಸ್‌ಪೋರ್ಟ್ ಕಾಯ್ದೆ ಬಂದದ್ದು ಅದೇ ವರ್ಷ. 1977ರಲ್ಲಿ ಮೇನಕಾ ಗಾಂಧಿಯವರ ಪಾಸ್‌ಪೋರ್ಟನ್ನು ಸರ್ಕಾರ ಕಾರಣ ತಿಳಿಸದೆ ವಶಪಡಿಸಿಕೊಂಡಿತು. ಮರುವರ್ಷ ಏಳು ನ್ಯಾಯಮೂರ್ತಿಗಳ ಪೀಠ, ಹೆಸರಿಗೊಂದು ಕಾರ್ಯವಿಧಾನ ಇದ್ದರೆ ಸಾಲದು, ಅದು ನ್ಯಾಯಯುತವೂ ಸಮಂಜಸವೂ ಆಗಿರಬೇಕು ಎಂದಿತು. ಅಂದರೆ ರಾಯರು ಹೊರಗಿನಿಂದ ತಂದ ಉತ್ತರವನ್ನು ಈ ದೇಶ ಸುಮಾರು ಮೂವತ್ತು ವರ್ಷ ಬಳಸಿ ನೋಡಿ ತಿದ್ದಿಕೊಂಡಿತು. ಅಷ್ಟು ದೊಡ್ಡ ವಿದ್ವಾಂಸರ ಸಲಹೆಗೇ ಹೀಗಾಯಿತು. ನಾಳೆ ಲಂಡನ್ನಿನ ಪ್ರೊಫೆಸರರೊಬ್ಬರು ನಿನಗೆ ಏನಾದರೂ ಹೇಳಿದಾಗಲೂ, ಇದು ನಮ್ಮ ತಾಲ್ಲೂಕು ಕೋರ್ಟಿನಲ್ಲಿ ನಿಲ್ಲುತ್ತದೆಯೇ ಎಂದು ಕೇಳಿಕೊಳ್ಳುವ ಧೈರ್ಯ ನಿನಗಿರಬೇಕು.

ನೀನು ಮಂಡ್ಯದ ಹುಡುಗಿ, ಪ್ರಶ್ನೆ ಹುಡುಕಿಕೊಂಡು ದೂರ ಹೋಗಬೇಕಾಗಿಲ್ಲ. 2018ರ ಫೆಬ್ರುವರಿಯ ಕಾವೇರಿ ತೀರ್ಪನ್ನು ಪೂರ್ತಿ ಓದು. ಕರ್ನಾಟಕಕ್ಕೆ 14.75 ಟಿಎಂಸಿ ಹೆಚ್ಚುವರಿ ನೀರು ಕೊಟ್ಟ ಆ ತೀರ್ಪಿನಲ್ಲಿ ನದಿನೀರಿನ ಹಂಚಿಕೆ ಕುರಿತ 1966ರ ಹೆಲ್ಸಿಂಕಿ ನಿಯಮಗಳ ಚರ್ಚೆ ಇದೆ. ಎಲ್ಲೋ ಫಿನ್ಲೆಂಡಿನಲ್ಲಿ ಕೂತು ಕಾನೂನು ಪಂಡಿತರು ಬರೆದದ್ದು ನಿಮ್ಮೂರ ನಾಲೆಯವರೆಗೆ ಹೇಗೆ ಬಂತು? ಡಾನ್ಯೂಬ್ ನದಿಯ ಅಣೆಕಟ್ಟಿನ ಬಗ್ಗೆ ಹಂಗೇರಿ, ಸ್ಲೊವಾಕಿಯ ಜಗಳವಾಡಿದಾಗ, 1997ರಲ್ಲಿ ಹೇಗ್‌ನ ನ್ಯಾಯಾಧೀಶರು ತಾವೇ ಹೊರಟು ನದಿ ನೋಡಿಬಂದರು. ಆ ನ್ಯಾಯಾಲಯದ ಇತಿಹಾಸದಲ್ಲಿ ಅದೇ ಮೊದಲ ಸ್ಥಳ ಪರಿಶೀಲನೆ. ನದಿಯನ್ನು ಕಣ್ಣಾರೆ ಕಂಡಿದ್ದರಿಂದ ತೀರ್ಪಿನಲ್ಲಿ ಏನು ಬದಲಾಯಿತು? ಇಂಥ ಪ್ರಶ್ನೆ ಇಟ್ಟುಕೊಂಡು ಹೋದವಳಿಗೆ ಹೇಗ್ ಬೇರೆಯೇ ಊರಾಗಿ ಕಾಣುತ್ತದೆ.

ಅಲ್ಲಿಗೆ ಹೋಗುವ ದಾರಿಯೂ ಇದೆ. ಹೇಗ್ ಅಕಾಡೆಮಿ ಪ್ರತಿವರ್ಷ ಬೇಸಿಗೆಯಲ್ಲಿ ಪೀಸ್ ಪ್ಯಾಲೆಸ್‌ನಲ್ಲಿ ಅಂತರರಾಷ್ಟ್ರೀಯ ಕಾನೂನಿನ ತರಗತಿ ನಡೆಸುತ್ತದೆ, ಕೆಲವರಿಗೆ ವಿದ್ಯಾರ್ಥಿವೇತನವನ್ನೂ ಕೊಡುತ್ತದೆ. ಅದೇ ಕಟ್ಟಡದಲ್ಲಿರುವ ನ್ಯಾಯಾಲಯದ ಬಹಿರಂಗ ವಿಚಾರಣೆಗಳಿಗೆ ಸಾರ್ವಜನಿಕರೂ ಹೋಗಿ ಕೂರಬಹುದು. ದುಡ್ಡು ಹೊಂದುವವರೆಗೆ ವಿಶ್ವಸಂಸ್ಥೆಯ ಆಡಿಯೊ ವಿಷುಯಲ್ ಲೈಬ್ರರಿಯ ಉಪನ್ಯಾಸಗಳನ್ನು ಮನೆಯಲ್ಲೇ ಕೇಳು, ಅದಕ್ಕೆ ಶುಲ್ಕವಿಲ್ಲ.

ಮೂಟ್ ಕೋರ್ಟಿನ, ಅಂದರೆ ಅಣಕು ನ್ಯಾಯಾಲಯದ ಬಗ್ಗೆ ನನಗೆ ಬಹಳ ಗೌರವ. ಅಂತರರಾಷ್ಟ್ರೀಯ ಕಾನೂನಿನ ಜೆಸಪ್ ಸ್ಪರ್ಧೆ 1960ರಿಂದ ನಡೆಯುತ್ತಿದೆ. ನಮ್ಮ ಬೆಂಗಳೂರಿನ ನ್ಯಾಷನಲ್ ಲಾ ಸ್ಕೂಲ್ 1999ರಲ್ಲಿಯೂ 2013ರಲ್ಲಿಯೂ ಅದನ್ನು ಗೆದ್ದಿದೆ. ಬಾಹ್ಯಾಕಾಶ ಕಾನೂನಿನ ಮ್ಯಾನ್‌ಫ್ರೆಡ್ ಲಾಕ್ಸ್ ಸ್ಪರ್ಧೆಯ ಅಂತಿಮ ಸುತ್ತಿಗೆ ಹೇಗ್ ನ್ಯಾಯಾಲಯದ ನ್ಯಾಯಾಧೀಶರೇ ತೀರ್ಪುಗಾರರು. ವ್ಯಾಪಾರದ ಕಾನೂನು ಇಷ್ಟವಾದರೆ ವಿಯೆನ್ನಾದ ವಿಸ್ ಮೂಟ್ ಇದೆ. ನಿನ್ನ ಕಾಲೇಜಿನಿಂದ ಯಾರೂ ಹೋಗಿಲ್ಲ ಎಂದು ಹಿಂಜರಿಯಬೇಡ, ಮೂರ್ನಾಲ್ಕು ಜನ ಸೇರಿ ತಂಡ ಕಟ್ಟಿ. ಭಾರತದ ಸುತ್ತಿನಲ್ಲೇ ಸೋತು ಬಂದರೂ, ಎರಡೂ ಪಕ್ಷಕ್ಕೆ ಮೆಮೋರಿಯಲ್ (ಲಿಖಿತ ವಾದ) ಬರೆದ ಅಷ್ಟು ತಿಂಗಳ ದುಡಿಮೆ ನಿನ್ನ ಜೊತೆ ಉಳಿಯುತ್ತದೆ. ಎದುರು ಪಕ್ಷದ ವಾದವನ್ನು ಪ್ರಾಮಾಣಿಕವಾಗಿ ಕಟ್ಟಿದವರೇ ಮುಂದೆ ಒಳ್ಳೆಯ ವಕೀಲರಾಗುವುದನ್ನು ನಾನು ಕಂಡಿದ್ದೇನೆ.

ಇನ್ನೊಂದು ಬಗೆಯ ಆಹ್ವಾನವೂ ಬರುತ್ತದೆ. ಅಂತರರಾಷ್ಟ್ರೀಯ ಸಮ್ಮೇಳನ, ಯುವ ನಾಯಕರ ಶೃಂಗಸಭೆ, ಮೂರು ದಿನ, ಚೆಂದದ ಹೋಟೆಲು, ಕೊನೆಗೊಂದು ಪ್ರಮಾಣಪತ್ರ. ನಿನ್ನ ಪ್ರಬಂಧವನ್ನು ಯಾರೂ ಓದದೆಯೇ ಆಯ್ಕೆಯಾಗಿದೆ ಎಂದು ತಿಳಿಸಿ ಶುಲ್ಕ ಕೇಳಿದರೆ ಅಲ್ಲಿಗೇ ಬಿಟ್ಟುಬಿಡು. ಅಪ್ಪನ ಕಬ್ಬಿನ ದುಡ್ಡು ಅದಕ್ಕೆ ಹೋಗುವುದನ್ನು ನಾನು ಸಹಿಸಲಾರೆ.

ಎಲ್‌ಎಲ್‌ಎಂಗೆ ಬ್ರಿಟನ್ನಿನಲ್ಲಿ ಸಾಮಾನ್ಯವಾಗಿ ಒಂದು ವರ್ಷ. ಅಲ್ಲಿಯ ಸರ್ಕಾರದ ಚೀವ್ನಿಂಗ್ ವಿದ್ಯಾರ್ಥಿವೇತನ ಬೇಕೆಂದರೆ ಎರಡು ವರ್ಷದ ಕೆಲಸದ ಅನುಭವ ಬೇಕು, ಓದು ಮುಗಿದ ಮೇಲೆ ತಾಯ್ನಾಡಿಗೆ ಮರಳಿ ಎರಡು ವರ್ಷ ಇರಬೇಕು. ಅನುಭವದ ಷರತ್ತು ನನಗೆ ಇಷ್ಟ. ಎರಡು ವರ್ಷ ಇಲ್ಲಿ ಒಬ್ಬ ಸೀನಿಯರ್ ಕೈಕೆಳಗೆ ಫೈಲು ಹಿಡಿದವಳಿಗೆ ಅಲ್ಲಿಯ ತರಗತಿಯಲ್ಲಿ ಕೇಳಲು ವಿಷಯ ಇರುತ್ತದೆ. ಅಮೆರಿಕಕ್ಕೆ ಫುಲ್‌ಬ್ರೈಟ್–ನೆಹರೂ ಇದೆ. ಪರಿಶಿಷ್ಟ ಜಾತಿಯ ನಿನ್ನ ಗೆಳತಿಗೆ ಕೇಂದ್ರದ ರಾಷ್ಟ್ರೀಯ ಸಾಗರೋತ್ತರ ವಿದ್ಯಾರ್ಥಿವೇತನದ ನಿಯಮ ಓದಲು ಹೇಳು. 1913ರಲ್ಲಿ ಅಂಬೇಡ್ಕರ್ ಅವರು ಬರೋಡಾ ಸಂಸ್ಥಾನದ ನೆರವಿನಿಂದ ಕೊಲಂಬಿಯಾಕ್ಕೆ ಹೋದರು. 1917ರಲ್ಲಿ ವಿದ್ಯಾರ್ಥಿವೇತನದ ಅವಧಿ ಮುಗಿದು ಲಂಡನ್ನಿನ ಓದನ್ನು ಅರ್ಧಕ್ಕೇ ನಿಲ್ಲಿಸಿ ಬಂದವರು, 1920ರಲ್ಲಿ ಮತ್ತೆ ಹೋಗಿ ಮುಗಿಸಿದರು. ಒಮ್ಮೆ ನಿಂತ ಓದು ನಿಂತೇ ಹೋಗಬೇಕೆಂದಿಲ್ಲ ಎಂದು ಅವಳಿಗೆ ಹೇಳು.

ಮುಂದೆ ಪಾಠ ಹೇಳುವ ಆಸೆ ಇದ್ದರೆ, ಆ ಒಂದು ವರ್ಷದ ಪದವಿಗೆ ಇಲ್ಲಿ ಮಾನ್ಯತೆ ಹೇಗೆ ಎಂಬುದನ್ನು ಸಾಲ ಮಾಡುವ ಮೊದಲೇ ಬಾರ್ ಕೌನ್ಸಿಲ್ ನಿಯಮಗಳಲ್ಲಿ ನೋಡು. ಪ್ರಮಾಣಪತ್ರಗಳು ಹೊರದೇಶದಲ್ಲಿ ಮಾನ್ಯವಾಗಲು ಅಪಾಸ್ಟಿಲ್ ಮುದ್ರೆ ಹಾಕಿಸಬೇಕಾಗಬಹುದು. 1961ರ ಹೇಗ್ ಒಪ್ಪಂದದಿಂದ ಬಂದ ಪದ್ಧತಿ ಅದು, ನಮ್ಮಲ್ಲಿ 2005ರಿಂದ ಜಾರಿಯಲ್ಲಿದೆ. ಎಲ್ಲಕ್ಕಿಂತ ಮೊದಲು ನಿನ್ನ ಎಸ್ಸೆಸ್ಸೆಲ್ಸಿ ಅಂಕಪಟ್ಟಿ, ಆಧಾರ್, ಪಾಸ್‌ಪೋರ್ಟ್ ಮೂರನ್ನೂ ಪಕ್ಕಪಕ್ಕ ಇಟ್ಟು ನೋಡು. ಒಂದರಲ್ಲಿ ಇನಿಷಿಯಲ್, ಇನ್ನೊಂದರಲ್ಲಿ ಅಪ್ಪನ ಪೂರ್ತಿ ಹೆಸರು, ಮತ್ತೊಂದರಲ್ಲಿ ಊರಿನ ಹೆಸರು ಇದ್ದರೆ ವೀಸಾ ಹೊತ್ತಿಗೆ ಅಲೆದಾಟ ತಪ್ಪದು. ತಿದ್ದುಪಡಿಗೆ ಸಮಯ ಹಿಡಿಯುತ್ತದೆ, ಅರ್ಜಿಯನ್ನು ಈ ರಜೆಯಲ್ಲೇ ಕೊಟ್ಟುಬಿಡು.